ಚುಕ್ಕಿಯ ಹೊಟ್ಟೆಯಲ್ಲಿ ನಮ್ಮನೆ ದಾರ

ಸಂಕ್ರಾಂತಿಗೆ ಇನ್ನೂ ಹನ್ನೆರಡು ದಿನ ಇತ್ತು. ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದೆ. ಕೊಟ್ಟಿಗೆಯಿಂದ ಅತ್ತೆ ಕೂಗಿದರು. "ಬಾವ್ವ ಇಲ್ಲಿ, ಚುಕ್ಕಿ ಮೆಲುಕೇ ಹಾಕ್ತಿಲ್ಲ ಕಣವ್ವ."

ಹೋಗಿ ನೋಡಿದೆ. ಗೊಂತಿನಲ್ಲಿ ಮಧ್ಯಾಹ್ನ ಹಾಕಿದ ಸೀಮೆಹುಲ್ಲು ಅರ್ಧ ಹಾಗೇ ಇತ್ತು. ಚುಕ್ಕಿ ನಿಂತಿದ್ದಳು, ಬಾಯಿ ಆಡುತ್ತಿರಲಿಲ್ಲ. ಎಡಗಡೆ ಹೊಟ್ಟೆ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಹೋಟೆಲಿನವರು ಕೊಟ್ಟ ಅನ್ನ ಹಾಕಿದ್ದೆವಲ್ಲ, ಅಜೀರ್ಣ ಆಗಿರಬೇಕು ಅಂದುಕೊಂಡೆ. ಶುಂಠಿ, ಓಂಕಾಳು, ಬೆಲ್ಲ ಅರೆದು ಉಂಡೆ ಮಾಡಿ ತಿನ್ನಿಸಿದೆ. ಬೆಳಿಗ್ಗೆಗೆ ಉಬ್ಬರ ಇಳಿದಿತ್ತು. ಅಲ್ಲಿಗೆ ಸರಿಹೋಯಿತು ಅಂತ ಸುಮ್ಮನಾದೆ.

ನಮ್ಮದು ಪಾಂಡವಪುರ ತಾಲ್ಲೂಕು. ಮನೆ ಹಿಂದೆ ವಿಶ್ವೇಶ್ವರಯ್ಯ ನಾಲೆಯ ಕಾಲುವೆ, ದೂರದಲ್ಲಿ ಕುಂತಿಬೆಟ್ಟ. ಒಂದೂವರೆ ಎಕರೆ ಜಮೀನು, ಎರಡು ಸೀಮೆ ಹಸು, ಒಂದು ಕಡಸು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ. ಮನೆ ನಡೆಯೋದು ಹಾಲಿನ ಬಟವಾಡೆಯಿಂದ. ಚುಕ್ಕಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಅನ್ನೋ ಸೀಮೆ ತಳಿ) ಮಿಶ್ರತಳಿ, ಮೈ ಪೂರ್ತಿ ಕಪ್ಪು, ಹಣೆ ಮೇಲೊಂದು ಬಿಳಿ ಚುಕ್ಕಿ. ಎರಡನೇ ಕರು ಹಾಕಿ ಏಳು ತಿಂಗಳಾಗಿತ್ತು, ದಿನಕ್ಕೆ 9 ಲೀಟರ್ ಕೊಡುತ್ತಿದ್ದಳು. ಜೊತೆಗೆ ನಾಲ್ಕು ತಿಂಗಳ ಗಬ್ಬ.

ಮೂರನೇ ದಿನ ಮತ್ತೆ ಉಬ್ಬರ. ಹಾಲು 6 ಲೀಟರಿಗೆ ಬಂತು. ನಮ್ಮ ಕಡೆ ಊರೂರು ಸುತ್ತಿ ದನಗಳಿಗೆ ಸೂಜಿ ಹಾಕುವವರೊಬ್ಬರು ಇದ್ದಾರೆ. ಓದಿದ ಡಾಕ್ಟರಲ್ಲ. ಆದರೆ ಕರೆದ ಗಳಿಗೆಗೆ ಬರುತ್ತಾರೆ, ಅದೇ ಅವರ ಬಲ. ಬಂದರು, ಹೊಟ್ಟೆ ತಟ್ಟಿದರು, "ಏನಿಲ್ಲಕ್ಕ, ಹೊಟ್ಟೆ ಕಟ್ಟಿದೆ" ಅಂದರು. ಎರಡು ಸೂಜಿ ಹಾಕಿದರು. ಮೂಗುದಾರ ಹಿಡಿದು ಮುಖ ಮೇಲಕ್ಕೆತ್ತಿ ಅರ್ಧ ಲೀಟರ್ ಎಣ್ಣೆ ಹೊಯ್ದರು. ಚುಕ್ಕಿ ಕೆಮ್ಮಿದಳು. ಹಾಗೆ ತಲೆ ಎತ್ತಿಸಿ ಹೊಯ್ದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂತ ಆಮೇಲೆ ತಿಳಿಯಿತು. ಆಗ ನಾನೇ ಮೂಗುದಾರ ಹಿಡಿದುಕೊಂಡಿದ್ದೆ.

ಹೀಗೆ ಒಂಬತ್ತು ದಿನ ಕಳೆಯಿತು. ಸೂಜಿ ಹಾಕಿದ ದಿನ ಎರಡು ಹಿಡಿ ಹುಲ್ಲು ತಿನ್ನೋಳು. ಮಾರನೇ ದಿನ ಮತ್ತೆ ಅದೇ ಕಥೆ.

ಯಾಕೆ ಅಷ್ಟು ದಿನ ಕಾದೆ ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಇನ್ನೊಂದು ಹಸು ಲಕ್ಷ್ಮಿಗೆ ಕರು ಹಾಕಿದ ರಾತ್ರಿಯೇ ಹಾಲು ಜ್ವರ ಬಂದಿತ್ತು. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಕರು ಹಾಕಿ ಒಮ್ಮೆಲೇ ಹಾಲು ಇಳಿಯುವಾಗ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿಯುತ್ತೆ, ಹಸು ಏಳಲಾರದೆ ಬಿದ್ದುಬಿಡುತ್ತೆ. ಲಕ್ಷ್ಮಿ ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದ್ದಳು, ಹೋದಳು ಅಂತಲೇ ಅತ್ತೆ ಅಳುತ್ತಿದ್ದರು. ಡಾಕ್ಟರು ಬಂದು ಎದೆಬಡಿತ ಕೇಳುತ್ತಾ ಕೇಳುತ್ತಾ ನಿಧಾನವಾಗಿ ಒಂದು ಬಾಟಲಿ ಕ್ಯಾಲ್ಸಿಯಂ ನರಕ್ಕೆ ಬಿಟ್ಟರು. ಒಂದು ಗಂಟೆಯೊಳಗೆ ಎದ್ದು ನಿಂತು ಸಗಣಿ ಹಾಕಿದಳು. ಅದನ್ನು ಕಣ್ಣಾರೆ ನೋಡಿದವಳಿಗೆ ಎಲ್ಲ ಕಾಯಿಲೆಗೂ ಒಂದು ಬಾಟಲಿ, ಒಂದು ಸೂಜಿ ಇದ್ದೇ ಇರುತ್ತೆ ಅನ್ನಿಸಿಬಿಡುತ್ತೆ. ಚುಕ್ಕಿಗೂ ಇವತ್ತಲ್ಲ ನಾಳೆ ಅಂಥದ್ದೊಂದು ಸೂಜಿ ಸಿಗುತ್ತೆ ಅಂತ ಕಾಯುತ್ತಿದ್ದೆ.

ಸಂಕ್ರಾಂತಿ ಬಂತು. ಊರಿನ ದನವೆಲ್ಲ ಕಾಲುವೆಯಲ್ಲಿ ಮಿಂದು, ಮೈಗೆ ಅರಿಶಿನ ಹಚ್ಚಿಸಿಕೊಂಡು, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಕಿಚ್ಚು ಹಾಯಲು ಹೊರಟವು. ಚುಕ್ಕಿಯನ್ನು ಕಣ್ಣಿ ಬಿಚ್ಚಿ ಎರಡು ಹೆಜ್ಜೆ ನಡೆಸಿದೆ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಂತುಬಿಟ್ಟಳು. ಕಣ್ಣು ಒಳಕ್ಕೆ ಹೋಗಿದ್ದವು. ಸಗಣಿ ಅಂತ ಹಾಕಿದ್ದು ಒಂದು ಮುಷ್ಟಿ, ಕಪ್ಪಗೆ, ಮೇಲೆಲ್ಲ ಲೋಳೆ. ಅವತ್ತಿನ ಹಾಲು ಎರಡೂ ಹೊತ್ತು ಸೇರಿ 2 ಲೀಟರ್.

ಅವತ್ತೇ ದನದ ವ್ಯಾಪಾರಿಯೊಬ್ಬ ಬಾಗಿಲಿಗೆ ಬಂದ. ಯಾರು ಹೇಳಿದರೋ. "15 ಸಾವಿರ ಕೊಡ್ತೀನಿ, ಈಗ್ಲೇ ಹೊಡ್ಕೊಂಡು ಹೋಗ್ತೀನಿ" ಅಂದ. ಚುಕ್ಕಿಯನ್ನು ನಾವು ತಂದಿದ್ದು 62 ಸಾವಿರಕ್ಕೆ. ನಮ್ಮ ಯಜಮಾನರು ನನ್ನ ಮುಖ ನೋಡಿದರು. ಸತ್ತರೆ ಅದೂ ಇಲ್ಲ ಅನ್ನೋದು ಅವರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿಲ್ಲ, ಬಡವರ ಮನೆ ಲೆಕ್ಕ ಅದು. ಆದರೆ ಅತ್ತೆ ಗೊಂತಿನ ಹತ್ತಿರದಿಂದ ಎದ್ದು ಬಂದು "ಹೊಟ್ಟೇಲಿ ಕರ ಇಟ್ಕೊಂಡಿರೋ ಹಸಾನ ಕೊಡಾಕಿಲ್ಲ, ನೀನು ಹೋಗಪ್ಪ" ಅಂದುಬಿಟ್ಟರು. ನಾನು 1962ಕ್ಕೆ ಫೋನ್ ಮಾಡಿದೆ. ದನಕರುಗಳಿಗಾಗಿಯೇ ಇರುವ ಸಂಚಾರಿ ಆಸ್ಪತ್ರೆಯ ನಂಬರು ಅದು, ದುಡ್ಡಿಲ್ಲದ ಕರೆ. ಡೈರಿ ಗೋಡೆ ಮೇಲೆ ಬರೆದಿದ್ದನ್ನು ದಿನಾ ಎರಡು ಹೊತ್ತು ನೋಡುತ್ತಿದ್ದೆ.

ಮಾರನೇ ದಿನ ಗಾಡಿ ಬಂತು. ಇಳಿದವರು ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ. ಮೊದಲು ಚುಕ್ಕಿಯನ್ನು ಮುಟ್ಟಲೇ ಇಲ್ಲ. ಎರಡು ಮಾರು ದೂರ ನಿಂತು ಐದು ನಿಮಿಷ ಬರೀ ನೋಡಿದರು. ಉಸಿರು ಎಣಿಸಿದರು. ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿದೆಯಾ, ಕುತ್ತಿಗೆಯ ನರ ಉಬ್ಬಿದೆಯಾ, ಎದೆಯ ಕೆಳಗೆ ನೀರು ತುಂಬಿದೆಯಾ ಅಂತ ಬಗ್ಗಿ ನೋಡಿದರು. ಕಿವಿಯ ಹಳದಿ ಓಲೆಯಲ್ಲಿನ 12 ಅಂಕಿಯ ಗುರುತಿನ ನಂಬರು ಬರೆದುಕೊಂಡರು. ಕೇಳಿದ ಪ್ರಶ್ನೆಗಳೂ ಬೇರೆ. ಉಬ್ಬರ ಒಂದೇ ಸಲ ಬಂದಿದ್ದಾ, ಬಂದು ಬಂದು ಹೋಗ್ತಿದೆಯಾ? ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತಾಳಾ? ಮಲಗುವಾಗ, ಏಳುವಾಗ ಮುಲುಗುತ್ತಾಳಾ? ಹಗ್ಗ, ಬಟ್ಟೆ ಅಗಿಯೋ ಅಭ್ಯಾಸ ಇದೆಯಾ?

ಕೊನೆಯ ಪ್ರಶ್ನೆಗೆ ಅತ್ತೆ ಹೌದು ಅಂದರು. ಒಣಹಾಕಿದ್ದ ಅವರ ಸೆರಗನ್ನು ಚುಕ್ಕಿ ಒಂದು ಸಲ ಅರ್ಧ ನುಂಗಿದ್ದಳು. ಮೈಯಲ್ಲಿ ರಂಜಕ, ಉಪ್ಪು, ಖನಿಜ ಕಮ್ಮಿಯಾದಾಗ ದನಗಳಿಗೆ ಇಂಥ ಚಟ ಹತ್ತುತ್ತೆ ಅಂತ ಡಾಕ್ಟ್ರಮ್ಮ ಹೇಳಿದರು. ಹಾಲು ಕೊಡುವ ಹಸುವಿಗೆ ದಿನಾ ಖನಿಜ ಮಿಶ್ರಣ ಹಾಕಬೇಕು ಅಂತ ಡೈರಿಯಲ್ಲಿ ಹೇಳುತ್ತಲೇ ಇದ್ದರು. ಪೊಟ್ಟಣ ತಂದು ತಿಂಗಳು ಹಾಕಿ, ಆಮೇಲೆ ಬಿಟ್ಟಿದ್ದೆ.

ಆಮೇಲೆ ಕೈ ಹಚ್ಚಿದರು. ಮೈ ಬಿಸಿ 102. ಆರೋಗ್ಯದ ಹಸುವಿಗೆ 101 ರಿಂದ 102 ಡಿಗ್ರಿ ಇರುತ್ತೆ, ನಮ್ಮ ಮೈಗಿಂತ ಬಿಸಿ ಜಾಸ್ತಿ. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ತೆಗೆದರು. ನಾದಿಟ್ಟ ಹಿಟ್ಟಿಗೆ ಒತ್ತಿದ ಹಾಗೆ ಗುಂಡಿ ಹಾಗೇ ನಿಂತಿತು. "ನೀವೂ ಒತ್ತಿ ನೋಡಿ ಅಕ್ಕ" ಅಂದರು. ಒತ್ತಿದೆ. ಅಲ್ಲೇ ಸ್ಟೆತಸ್ಕೋಪು ಇಟ್ಟು ನನ್ನ ಕಿವಿಗೆ ಕೊಟ್ಟರು. ಎರಡು ನಿಮಿಷಕ್ಕೆ ಎರಡು ಮೂರು ಸಲ ದೂರದ ಗುಡುಗಿನ ಹಾಗೆ ಸದ್ದು ಬರಬೇಕು, ಹೊಟ್ಟೆ ತಿರುಗುವ ಸದ್ದು ಅದು. ಚುಕ್ಕಿಯದರಲ್ಲಿ ನೀರು ತೊಟ್ಟಿಕ್ಕಿದ ಹಾಗೆ ಏನೋ ಒಂದು ಕೇಳಿ ನಿಂತುಹೋಯಿತು. ಅದೇ ಸ್ಟೆತಸ್ಕೋಪನ್ನು ಲಕ್ಷ್ಮಿಯ ಪಕ್ಕೆಗೆ ಹಿಡಿದು ಕೇಳಿಸಿದರು. ಆಗ ವ್ಯತ್ಯಾಸ ಗೊತ್ತಾಯಿತು.

ಹೆಗಲ ಹಿಂದಿನ ಬೆನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಂಡಿದರು. ನೋವಿಲ್ಲದ ಹಸು ಬೆನ್ನು ಕೆಳಕ್ಕೆ ತಗ್ಗಿಸುತ್ತೆ. ಚುಕ್ಕಿ ಅರೆಬರೆ ತಗ್ಗಿಸಿದಳು. ಬಿದಿರ ಗಳ ತರಿಸಿ, ಎದೆಯ ಕೆಳಗೆ ಅಡ್ಡ ಹಿಡಿದು, ಆ ಕಡೆ ಈ ಕಡೆ ಇಬ್ಬರು ಮೆಲ್ಲಗೆ ಎತ್ತಿ ಬಿಟ್ಟರು. ಒಳಗೆ ತಂತಿಯೋ ಮೊಳೆಯೋ ಚುಚ್ಚಿದ್ದರೆ ನರಳುತ್ತೆ. ಚುಕ್ಕಿ ನರಳಲಿಲ್ಲ. ಹಾಲಿನ ಹಸುಗಳಿಗೆ ಸಕ್ಕರೆ ಅಂಶ ಕಮ್ಮಿಯಾಗಿ ಬರೋ ಕೀಟೋಸಿಸ್ ಕಾಯಿಲೆಯಾ ಅಂತ ಉಚ್ಚೆಯಲ್ಲಿ ಕೀಟೋನ್ ಪಟ್ಟಿ ಅದ್ದಿ ನೋಡಿದರು, ಅದೂ ಅಲ್ಲ. ಉದ್ದದ ಗ್ಲೌಸ್ ಹಾಕಿ ಹಿಂದಿನಿಂದ ಕೈ ಬಿಟ್ಟು ಕರು ಇದೆ, ಜೀವಂತ ಇದೆ ಅಂದರು. ನನಗೆ ಅಷ್ಟು ಹೊತ್ತಿಗೆ ಕಣ್ಣು ತುಂಬಿತ್ತು. ಕೊನೆಗೆ ಬಾಯಿಂದ ಪೈಪು ಇಳಿಸಿ ಗಾಳಿ ತೆಗೆದರು, ಅದರ ಜೊತೆ ಬಂದ ರಸವನ್ನು ಲೋಟಕ್ಕೆ ಹಿಡಿದರು. ಹಸಿರಾಗಿರಬೇಕಾದ್ದು ಕಂದು ಬಣ್ಣಕ್ಕಿತ್ತು, ಕೊಳೆತ ನಾತ.

"ಇದು ಬರೀ ಅಜೀರ್ಣ ಅಲ್ಲ ಅಕ್ಕ. ಹೊಟ್ಟೆಯಲ್ಲಿ ಕರಗದೇ ಇರೋದು ಏನೋ ಕೂತಿದೆ. ಪ್ಲಾಸ್ಟಿಕ್ಕೇ ಇರಬೇಕು. ಅದಕ್ಕೆ ಔಷಧಿ ಇಲ್ಲ. ಕೊಯ್ದು ತೆಗೀಬೇಕು."

ಹೊಟ್ಟೆ ಕೊಯ್ಯೋದು ಅಂದ ತಕ್ಷಣ ನಮ್ಮ ಯಜಮಾನರು ಕಲ್ಲಿನ ಮೇಲೆ ಕೂತುಬಿಟ್ಟರು. ಡಾಕ್ಟ್ರಮ್ಮ ಅವಸರ ಮಾಡಲಿಲ್ಲ. ಕಡ್ಡಿ ತಗೊಂಡು ನೆಲದಲ್ಲಿ ಗೀಚಿ ತೋರಿಸಿದರು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದು ದೊಡ್ಡ ಹೊಟ್ಟೆ, 100 ಲೀಟರಿಗೂ ಮೀರಿ ಹಿಡಿಯುತ್ತೆ, ಎಡಗಡೆ ಪೂರ್ತಿ ಅದೇ. ಅದರ ಮುಂದೆ ಜೇನುಗೂಡಿನ ಹಾಗೆ ಚೌಕಳಿ ಇರುವ ಚಿಕ್ಕ ಕೋಣೆ. ಹಸು ಆರಿಸಿ ತಿನ್ನೋ ಪ್ರಾಣಿ ಅಲ್ಲ. ನಾಲಿಗೆಯಲ್ಲಿ ಬಾಚಿ, ಅರೆಬರೆ ಅಗಿದು ನುಂಗಿಬಿಡುತ್ತೆ. ಆಮೇಲೆ ಪುರಸೊತ್ತಾಗಿ ಮೆಲುಕು ಹಾಕುತ್ತೆ. ನಾಲಿಗೆ ಮೇಲಿನ ಮುಳ್ಳುಗಳು ಗಂಟಲ ಕಡೆಗೇ ಬಾಗಿರೋದರಿಂದ ಬಾಯಿಗೆ ಬಂದ ದಾರ ಹಿಂದಕ್ಕೆ ಉಗಿಯೋಕೂ ಆಗಲ್ಲ. ತಂತಿ, ಮೊಳೆ ಭಾರದ ವಸ್ತು, ಹೋಗಿ ಜೇನುಗೂಡಿನ ಕೋಣೆಯಲ್ಲಿ ಬೀಳುತ್ತವೆ. ಆ ಕೋಣೆಗೂ ಗುಂಡಿಗೆಗೂ ನಡುವೆ ವಪೆಯ, ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡೋ ಪದರದ, ತೆಳು ಗೋಡೆ ಅಷ್ಟೇ. ಹೊಟ್ಟೆ ಹಿಂಡಿದಾಗೆಲ್ಲ ತಂತಿ ಮುಂದೆ ಮುಂದೆ ಸರಿದು ಒಂದು ದಿನ ಗುಂಡಿಗೆಯ ಚೀಲಕ್ಕೇ ಚುಚ್ಚುತ್ತೆ. ಅಷ್ಟಾದ ಮೇಲೆ ಉಳಿಸೋದು ಬಹಳ ಕಷ್ಟ. ಪ್ಲಾಸ್ಟಿಕ್ ಹಾಗಲ್ಲ. ಅದು ದೊಡ್ಡ ಹೊಟ್ಟೆಯಲ್ಲೇ ಉರುಳಿ ಉರುಳಿ ಗಂಟಾಗುತ್ತೆ. ಮುಂದಿನ ಕೋಣೆಯ ಬಾಯಿ ಚಿಕ್ಕದು, ಅದರಲ್ಲಿ ತೂರಲ್ಲ. ಹೊಟ್ಟೆ ತುಂಬಿದ ಹಾಗಿರುತ್ತೆ, ಹಸು ಮಾತ್ರ ಉಪವಾಸ.

"ಇನ್ನೂ ನಿಂತ್ಕೊಳ್ಳೋ ಶಕ್ತಿ ಇದೆ. ಬಿದ್ದ ಮೇಲೆ ಕರೆದಿದ್ರೆ ನಾನು ಒಪ್ತಿರಲಿಲ್ಲ" ಅಂದರು. ಆ ಮಾತು ಕೇಳಿ ಒಂಬತ್ತು ದಿನದ ಸೂಜಿಗಳು ನೆನಪಾಗಿ ಎದೆ ಹಿಡಿದ ಹಾಗಾಯಿತು.

ಅಲ್ಲಿಂದ ಎರಡನೇ ದಿನಕ್ಕೆ ಆಪರೇಷನ್ ಗೊತ್ತು ಮಾಡಿದರು. ಒಂದು ದಿನ ಮೇವು ಕೊಡಬಾರದು, ಹಿಂದಿನ ರಾತ್ರಿಯಿಂದ ನೀರೂ ಕೊಡಬಾರದು. ಹೊಲಿಗೆ ದಾರ, ಗ್ಲೂಕೋಸ್ ಬಾಟಲಿ, ಆ್ಯಂಟಿಬಯೋಟಿಕ್, ನೋವಿನ ಸೂಜಿ ಇದರಲ್ಲಿ ಕೆಲವು ಆಸ್ಪತ್ರೆಯಲ್ಲೇ ಇತ್ತು, ಮಿಕ್ಕಿದ್ದನ್ನು ಮಂಡ್ಯದಿಂದ ತಂದೆವು. ನಮಗೆ ಒಟ್ಟು 4,300 ರೂಪಾಯಿ ಆಯಿತು. ಒಂಬತ್ತು ದಿನದ ಸೂಜಿಗೆ 2,700 ಕೊಟ್ಟಿದ್ದೆ.

ಡೈರಿ ಪಕ್ಕದಲ್ಲಿ ದನ ನಿಲ್ಲಿಸಿ ಕಟ್ಟೋ ಕಬ್ಬಿಣದ ಟ್ರೆವಿಸ್ ಇದೆ. ಬೆಳಿಗ್ಗೆ ಎಂಟಕ್ಕೆ ಅದರೊಳಗೆ ಚುಕ್ಕಿಯನ್ನು ನಿಲ್ಲಿಸಿದೆವು. ಡಾಕ್ಟ್ರಮ್ಮನ ಜೊತೆ ಇನ್ನೊಬ್ಬ ಹಿರಿಯ ಡಾಕ್ಟರು, ಒಬ್ಬ ಸಹಾಯಕರು. ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದರು. ಜನರನ್ನೆಲ್ಲ ಹಗ್ಗ ಕಟ್ಟಿ ಆಚೆ ನಿಲ್ಲಿಸಿದರು. ನನಗೆ ಮಾತ್ರ ಚುಕ್ಕಿಯ ಮುಖದ ಹತ್ತಿರ ನಿಲ್ಲೋಕೆ ಹೇಳಿದರು. "ನಿಮ್ಮ ದನಿ ಕೇಳ್ತಾ ಇರ್ಲಿ ಅಕ್ಕ, ಹೆದರ್ಕೊಳಲ್ಲ."

ಹಸುವಿಗೆ ಈ ಆಪರೇಷನ್ ಮಾಡೋದು ನಿಲ್ಲಿಸಿಕೊಂಡೇ. ಮಲಗಿಸಿದರೆ ಹೊಟ್ಟೆಯ ಭಾರ ಉಸಿರಿಗೆ ಅಡ್ಡ ಬರುತ್ತೆ, ಹೊಟ್ಟೆಯೊಳಗಿನದು ಗಂಟಲಿಗೆ ಬಂದು ಉಸಿರುಕಟ್ಟಬಹುದು. ಗಬ್ಬದ ಹಸು ಅಂತ ಮಂಪರು ಮದ್ದನ್ನೂ ಬಿಟ್ಟರು. ಎಡಪಕ್ಕೆಯಲ್ಲಿ ಕಡೆಯ ಪಕ್ಕೆಲುಬಿನಿಂದ ಸೊಂಟದ ಮೂಳೆವರೆಗೆ ಕೂದಲು ಬೋಳಿಸಿದರು. ಸೋಪು ಹಾಕಿ ಮೂರು ಸಲ ತೊಳೆದು ಅಯೋಡಿನ್ ಬಳಿದರು. ಬೆನ್ನುಮೂಳೆಯ ಪಕ್ಕದಲ್ಲಿ ನಾಲ್ಕು ಕಡೆ ಮರಗಟ್ಟಿಸುವ ಮದ್ದು ಚುಚ್ಚಿದರು. ಆ ಪಕ್ಕೆಗೆ ಬರೋ ನರಗಳು ಅಲ್ಲಿಂದಲೇ ಹೊರಡೋದಂತೆ. ಹದಿನೈದು ನಿಮಿಷ ಬಿಟ್ಟು ಸೂಜಿ ಮೊನೆಯಿಂದ ಪಕ್ಕೆಯನ್ನು ಅಲ್ಲಲ್ಲಿ ಚುಚ್ಚಿ ನೋಡಿದರು. ಚುಕ್ಕಿ ಬಾಲವನ್ನೂ ಅಲ್ಲಾಡಿಸಲಿಲ್ಲ. ಕುತ್ತಿಗೆಯ ನರಕ್ಕೆ ಗ್ಲೂಕೋಸ್ ಇಳಿಯುತ್ತಿತ್ತು, ಬಾಟಲಿ ಹಿಡಿದು ನಿಂತವರು ನಮ್ಮ ಯಜಮಾನರು.

ಮೇಲಿನಿಂದ ಕೆಳಕ್ಕೆ ಒಂದು ಗೇಣುದ್ದ ಕೊಯ್ದರು. ನಾನು ಅಂದುಕೊಂಡಷ್ಟು ರಕ್ತ ಬರಲಿಲ್ಲ. ಚರ್ಮ, ಆಮೇಲೆ ಮಾಂಸದ ಪದರ ಒಂದಾದ ಮೇಲೊಂದು, ಕೊನೆಗೆ ತೆಳ್ಳಗಿನ ಪೊರೆ. ಅದನ್ನು ದಾಟಿದರೆ ಬೂದು ಬಣ್ಣದ ದೊಡ್ಡ ಹೊಟ್ಟೆಯ ಗೋಡೆ. ತಕ್ಷಣ ಹೊಟ್ಟೆ ತೆರೆಯಲಿಲ್ಲ. ಮೊದಲು ಆ ಗೋಡೆಯನ್ನು ಸುತ್ತಲೂ ಚರ್ಮಕ್ಕೆ ಸೇರಿಸಿ ಹೊಲಿದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಒಳಗಿನ ಕೊಳೆ ಒಂದು ತೊಟ್ಟು ಹೊಟ್ಟೆಯ ಆಚೆ ಬಿದ್ದರೂ ಕೀವಾಗಿ ಹಸು ಸಾಯಬಹುದು, ಅದಕ್ಕೆ ಬಾಗಿಲಿಗೆ ಮೊದಲು ಚೌಕಟ್ಟು ಕೂರಿಸಿಕೊಳ್ಳಬೇಕು. ನನಗೆ ಇಡೀ ಆಪರೇಷನ್ನಿನಲ್ಲಿ ತುಂಬಾ ಗೌರವ ಬಂದಿದ್ದು ಈ ಅರ್ಧ ಗಂಟೆಯ ತಾಳ್ಮೆ ನೋಡಿ.

ಹೊಟ್ಟೆ ತೆರೆದಾಗ ಬಂದ ನಾತಕ್ಕೆ ಹಗ್ಗದಾಚೆ ನಿಂತವರು ಹಿಂದಕ್ಕೆ ಸರಿದರು. ಬುಸ್ಸಂತ ಗಾಳಿ ಹೊರಟಿತು. ಡಾಕ್ಟ್ರಮ್ಮ ಭುಜದವರೆಗೂ ಕೈ ಇಳಿಸಿದರು. ಬಕೆಟ್ಟಿಗೆ ಹುಲ್ಲಿನ ಬಗ್ಗಡ ಎತ್ತಿ ಎತ್ತಿ ಹಾಕಿದರು. ಮೂರು ಬಕೆಟ್ಟಾದ ಮೇಲೆ ಕೈ ನಿಂತಿತು. ಕಣ್ಣು ಮುಚ್ಚಿಕೊಂಡು ಒಳಗೆ ತಡಕಿದರು. "ಸಿಕ್ತು" ಅಂದರು, ಎಳೆಯತೊಡಗಿದರು. ಬಾವಿಯಿಂದ ಹಗ್ಗ ಸೇದಿದ ಹಾಗೆ ಕೈ ಮೇಲೆ ಕೈ ಹಾಕಿ ಸೇದಿದರು. ಒಂದು ಮಾರು, ಎರಡು ಮಾರು. ಆಮೇಲೆ ಎಳೆದರೆ ಬರಲಿಲ್ಲ. ಒಳಗೇ ಕತ್ತರಿ ಇಳಿಸಿ ಕತ್ತರಿಸಿ, ತುಂಡು ತುಂಡಾಗಿ ತೆಗೆದರು.

ಆ ಗಂಟನ್ನು ನೆಲಕ್ಕೆ ಹಾಕಿ ಸಹಾಯಕರು ನೀರು ಹೊಯ್ದರು. ಕೊಳೆ ಹೋಗಿ ಬಣ್ಣ ಬಂತು. ನೀಲಿ.

ನನಗೆ ಆ ನೀಲಿ ಗೊತ್ತಿತ್ತು. ಈಗ ನಮ್ಮ ಕಡೆ ಭತ್ತವನ್ನೆಲ್ಲ ಮೆಷಿನ್ನಿನಲ್ಲೇ ಕೊಯ್ಯೋದು. ಹಿಂದೆಯೇ ಇನ್ನೊಂದು ಮೆಷಿನ್ ಬಂದು ಹುಲ್ಲನ್ನು ರೋಲ್ ಸುತ್ತಿ ನೀಲಿ ಪ್ಲಾಸ್ಟಿಕ್ ದಾರ ಕಟ್ಟಿ ಉದುರಿಸುತ್ತೆ. ಹೋದ ವರ್ಷ 80 ರೋಲ್ ಕೊಂಡಿದ್ದೆವು. ಬೆಳಿಗ್ಗೆ ಐದೂವರೆಗೆ, ಹಾಲು ಕರೆಯೋ ಅವಸರದಲ್ಲಿ, ಕತ್ತಲಲ್ಲಿ ಕುಡುಗೋಲಿನಿಂದ ದಾರ ಕಡಿದು, ಹುಲ್ಲು ಕೊಡವಿ ಗೊಂತಿಗೆ ಹಾಕುತ್ತಿದ್ದವಳು ನಾನು. ಎಷ್ಟೋ ದಿನ ದಾರ ಹುಲ್ಲಿನ ಜೊತೆಗೇ ಹೋಗಿದೆ. ಮೆದೆ ಹಾಕುತ್ತಿದ್ದ ಕಾಲದಲ್ಲಿ ಹುಲ್ಲಿಗೆ ಹುಲ್ಲನ್ನೇ ಹುರಿ ಮಾಡಿ ಕಟ್ಟುತ್ತಿದ್ದರು, ಅದನ್ನು ತಿಂದರೂ ಮೇವೇ. ದಾರ ಬದಲಾಗಿದ್ದು ಗೊತ್ತಿತ್ತು. ನನ್ನ ಕೈ ಬದಲಾಗಿರಲಿಲ್ಲ.

ಗಂಟಿನಲ್ಲಿ ಬೇರೆಯವೂ ಇದ್ದವು. ಫೀಡ್ ಚೀಲದ ಬಿಳಿ ಎಳೆಗಳು, ಹೋಟೆಲಿನ ಅನ್ನದ ಜೊತೆ ಬಂದ ತೆಳು ಕವರುಗಳು, ಮಗುವಿನ ಕಾಲುಚೀಲ ಒಂದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರು ನಿಷೇಧವಾಗಿದ್ದು 2016ರಲ್ಲಿ. ಚುಕ್ಕಿ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಡೈರಿ ತಕ್ಕಡಿಯಲ್ಲಿ ಇಟ್ಟು ತೂಗಿದರು. ಒದ್ದೆ ತೂಕ 9 ಕೆಜಿ 400 ಗ್ರಾಂ. ಅದೇ ತಕ್ಕಡಿಯ ಪಕ್ಕ ದಿನಾ ನಿಂತು ನನ್ನ ಹಾಲಿನ ಲೆಕ್ಕ ಬರೆಸುತ್ತೇನೆ.

ಇನ್ನೂ ಮುಗಿದಿರಲಿಲ್ಲ. ದೊಡ್ಡ ಹೊಟ್ಟೆಯೊಳಗಿಂದಲೇ ಮುಂದಕ್ಕೆ ಕೈ ಚಾಚಿ ಜೇನುಗೂಡಿನ ಕೋಣೆ ತಡವಿದರು. ಅಲ್ಲಿಂದ ಎರಡು ಮೊಳೆ, ಬೆರಳುದ್ದದ ಒಂದು ಬೈಂಡಿಂಗ್ ತಂತಿ ಬಂತು. ಪಕ್ಕದ ಮನೆಯ ಮೋಲ್ಡಿಂಗ್ ಹಾಕುವಾಗ ಕಂಬಿ ಕಟ್ಟಿದ ತಂತಿ. ಒಂದು ತುದಿ ಚೌಕಳಿಗೆ ಸಿಕ್ಕಿಕೊಂಡಿತ್ತು, ಆಚೆ ದಾಟಿರಲಿಲ್ಲ. ಹಿರಿಯ ಡಾಕ್ಟರು ಜೇಬಿನಿಂದ ಬೆರಳುದ್ದದ ನುಣುಪು ಅಯಸ್ಕಾಂತ ತೆಗೆದು ಕೊಟ್ಟರು. ಅದನ್ನು ಆ ಕೋಣೆಯಲ್ಲೇ ಬಿಟ್ಟರು. ಇನ್ನು ಮುಂದೆ ಕಬ್ಬಿಣದ ಚೂರು ಹೋದರೂ ಅದಕ್ಕೆ ಅಂಟಿಕೊಂಡು ಕೂರುತ್ತೆ, ಚುಚ್ಚಲ್ಲ. ಅದು ಜೀವಮಾನ ಪೂರ್ತಿ ಅಲ್ಲೇ ಇರುತ್ತೆ. ಪ್ಲಾಸ್ಟಿಕ್ಕಿಗೆ ಮಾತ್ರ ಅಂಥ ಉಪಾಯ ಇಲ್ಲ.

ಆಗ ಡಾಕ್ಟ್ರಮ್ಮ ನನ್ನ ಕಡೆ ತಿರುಗಿ, "ಚೆನ್ನಾಗಿರೋ ಹಸುವಿನ ಮೆಲುಕು ಸಿಗುತ್ತಾ?" ಅಂದರು. ಹುಲ್ಲು ಜೀರ್ಣ ಮಾಡೋದು ಹಸು ಅಲ್ಲ, ಅದರ ಹೊಟ್ಟೆಯಲ್ಲಿರೋ ಕಣ್ಣಿಗೆ ಕಾಣದ ಜೀವಿಗಳು. ಚುಕ್ಕಿಯ ಹೊಟ್ಟೆಯಲ್ಲಿ ಅವು ಸತ್ತುಹೋಗಿದ್ದವು. ಹೊಸದಾಗಿ ಹೆಪ್ಪು ಹಾಕಬೇಕು, ಮೊಸರಿಗೆ ಹಾಕಿದ ಹಾಗೆ. ನಾನು ಬಾಯಿ ತೆರೆಯೋದರೊಳಗೆ ಅತ್ತೆ ಮನೆ ಕಡೆ ಹೊರಟಿದ್ದರು. ಲಕ್ಷ್ಮಿಯ ಪಕ್ಕ ನಿಂತು, ಗಂಟಲಲ್ಲಿ ಉಂಡೆ ಮೇಲೇರುವುದನ್ನೇ ಕಾದು, ಬಾಯಿಗೆ ಬಂದ ತಕ್ಷಣ ಕೈ ಹಾಕಿ ಕಿತ್ತುಕೊಂಡು ತಂದರು. ಹೀಗೆ ಆರು ಸಲ. ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. "ನಮ್ಮವ್ವ ಮಾಡ್ತಿದ್ಲು, ಮೆಲ್ಕು ಬಿಟ್ಟ ಹಸಿಗೆ ಮೆಲ್ಕೇ ಮದ್ದು" ಅಂದರು. ಡಾಕ್ಟ್ರಮ್ಮ ಅದನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಒಳಗೆ ಬಿಟ್ಟರು.

ಹೊಟ್ಟೆಯ ಗೋಡೆಗೆ ಕರಗುವ ದಾರದಲ್ಲಿ ಎರಡು ಸುತ್ತು ಹೊಲಿಗೆ. ಚೆನ್ನಾಗಿ ತೊಳೆದು, ಗ್ಲೌಸ್ ಬದಲಾಯಿಸಿ, ಮಾಂಸದ ಪದರಕ್ಕೆ ಬೇರೆ, ಚರ್ಮಕ್ಕೆ ದಪ್ಪ ನೈಲಾನ್. ಮೂರು ಗಂಟೆ ಹತ್ತು ನಿಮಿಷ ಚುಕ್ಕಿ ನಿಂತೇ ಇದ್ದಳು. ಕೊನೆಗೆ ಮೂಗನ್ನು ನನ್ನ ಹೊಟ್ಟೆಗೆ ಒರಗಿಸಿದ್ದಳು. ಆ ಮೂಗು ಒಣಗಿ ಬಿರುಕು ಬಿಟ್ಟಿತ್ತು.

ಮೊದಲ ದಿನ ಗುಟುಕು ಗುಟುಕು ನೀರು. ಎರಡನೇ ದಿನ ಒಂದು ಹಿಡಿ ಎಳೆ ಹುಲ್ಲು. ಮೂರನೇ ದಿನ ಬೆಳಿಗ್ಗೆ ನಾಲ್ಕೂಕಾಲಿಗೆ ಕೊಟ್ಟಿಗೆಯಲ್ಲಿ ಕರಕರ ಸದ್ದು. ಟಾರ್ಚ್ ಹಾಕಲಿಲ್ಲ. ಕತ್ತಲಲ್ಲೇ ಕೂತು ಕೇಳಿಸಿಕೊಂಡೆ. ಮೆಲುಕು ಹಾಕುತ್ತಿದ್ದಳು.

ಐದನೇ ದಿನ ಹೊಲಿಗೆಯ ಕೆಳತುದಿಯಲ್ಲಿ ನಿಂಬೆಹಣ್ಣಿನಷ್ಟು ಊತ ಬಂತು, ಜ್ವರ 103.4. ಕೈಕಾಲು ತಣ್ಣಗಾಯಿತು ನನಗೆ. ಈ ಸಲ ಒಂದು ಗಂಟೆಯೂ ಕಾಯದೆ ಫೋನ್ ಮಾಡಿದೆ. ಬಂದು ಒಂದು ಹೊಲಿಗೆ ಬಿಚ್ಚಿದರು, ತಿಳಿಗೆಂಪು ನೀರು ಹೋಯಿತು, ಕೀವಾಗಿರಲಿಲ್ಲ. ಸೂಜಿ ಎರಡು ದಿನ ಮುಂದುವರಿಸಿದರು. ನೊಣ ಕೂತರೆ ಹುಳ ಬೀಳುತ್ತೆ ಅಂತ ಸುತ್ತ ಮುಲಾಮು ಹಚ್ಚೋದು, ಹೊಗೆ ಹಾಕೋದು ಅತ್ತೆಯ ಕೆಲಸವಾಯಿತು. 14ನೇ ದಿನ ಹೊಲಿಗೆ ಬಿಚ್ಚಿದರು.

ಹಾಲಿನ ವಿಷಯ ಒಂದು ಹೇಳಬೇಕು. ಆ್ಯಂಟಿಬಯೋಟಿಕ್ ಕೊಡುವ ದಿನಗಳಲ್ಲೂ, ನಿಲ್ಲಿಸಿ ಡಾಕ್ಟರು ಹೇಳಿದಷ್ಟು ದಿನವೂ ಚುಕ್ಕಿಯ ಹಾಲನ್ನು ಡೈರಿಗೆ ಹಾಕಲಿಲ್ಲ. ಕಾಯಿಸಿದರೂ ಮದ್ದು ಹಾಲಿನಿಂದ ಹೋಗಲ್ಲ. ಕ್ಯಾನಿಗೆ ಬಿದ್ದರೆ ಇಡೀ ಊರಿನ ಹಾಲಿಗೆ ಸೇರುತ್ತೆ, ಅದನ್ನು ಕುಡಿಯೋದು ಯಾರದೋ ಮನೆ ಮಗು. ತೆಂಗಿನ ಬುಡಕ್ಕೆ ಸುರಿದೆ. ಸುರಿಯುವಾಗ ಕೈ ನಡುಗಿದ್ದು ನಿಜ. ಸೂಜಿ ಹಾಕುತ್ತಿದ್ದ ಆ ಒಂಬತ್ತು ದಿನ ಅದೇನು ಮದ್ದು ಅಂತ ಕೇಳದೆ ಹಾಲು ಹಾಕಿದ್ದೆನಲ್ಲ, ಅದು ಈಗಲೂ ಕಾಡುತ್ತೆ.

ಫೆಬ್ರವರಿ ಕೊನೆಗೆ 6 ಲೀಟರಿಗೆ ಬಂದಳು. ಮೊದಲಿನ 9 ಮತ್ತೆ ಬರಲಿಲ್ಲ. ನಾನೂ ಹಿಂಡಿ ಹಿಂಡಿ ಕರೆಯಲಿಲ್ಲ.

ಗಂಟಿನಿಂದ ಒಂದು ಮಾರು ನೀಲಿ ದಾರ ಕತ್ತರಿಸಿ ತೊಳೆದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದೇನೆ. ರೋಲ್ ಈಗ ಕೊಟ್ಟಿಗೆಯೊಳಗೆ ಬಿಚ್ಚಲ್ಲ. ಹಿಂದಿನ ದಿನ ಬೆಳಕಿರುವಾಗಲೇ ಅಂಗಳದಲ್ಲಿ ಬಿಚ್ಚಿ, ದಾರವನ್ನು ಒಂದೇ ಎಳೆಯಾಗಿ ಸುತ್ತಿ ಡಬ್ಬಕ್ಕೆ ಹಾಕಿ, ಹುಲ್ಲು ಕೊಡವಿ ಇಡುತ್ತೇವೆ. ಡಬ್ಬ ತುಂಬಿದರೆ ನಮ್ಮ ಯಜಮಾನರು ಟೊಮೆಟೊ ಗಿಡಕ್ಕೆ ಕಟ್ಟೋಕೆ ಒಯ್ಯುತ್ತಾರೆ. ಹೋಟೆಲಿನ ಅನ್ನ ತರೋದು ನಿಲ್ಲಿಸಿದೆವು. ಖನಿಜ ಮಿಶ್ರಣ ದಿನಾ ಬೂಸಾದ ಜೊತೆ ಹೋಗುತ್ತೆ. ಅತ್ತೆಯ ಸೆರಗನ್ನು ಚುಕ್ಕಿ ಈಗ ಮೂಸಿ ಬಿಡುತ್ತಾಳೆ.

ಈಗ ಏಪ್ರಿಲ್ ಕೊನೆ. ಏಳು ತಿಂಗಳು ತುಂಬಿದೆ, ಹಾಲು ಬತ್ತಿಸಿದ್ದೇವೆ. ಎಡಪಕ್ಕೆಗೆ ಕೈ ಇಟ್ಟು ಕಾದರೆ ಒಳಗೆ ಗುಡುಗು ಉರುಳಿ ಹೋಗೋದು ಸಿಗುತ್ತೆ. ಬೋಳಿಸಿದ ಜಾಗದಲ್ಲಿ ಕಪ್ಪು ಕೂದಲು ಪೂರ್ತಿ ಬೆಳೆದಿದೆ. ಕೊಯ್ದ ಗೆರೆಯ ಮೇಲೆ ಮಾತ್ರ ಬೆಳ್ಳಗೆ ಬಂದಿದೆ, ಒಂದು ಗೇಣುದ್ದ, ಹಣೆಯ ಚುಕ್ಕಿಯದೇ ಬಣ್ಣ.